ಸಣ್ಣ ಹಾಯಿದೋಣಿಯ ಆಸನ: ಅಳತೆ ಪಾದದಿಂದ ಆರಂಭವಾಗಲಿ

ಏಳೆಂಟು ಮೀಟರ್ ಉದ್ದದ ಹಾಯಿದೋಣಿಯಲ್ಲಿ ದಿನಗಟ್ಟಲೆ ಪಯಣಿಸುವವರು ಎಚ್ಚರವಿರುವ ಹೊತ್ತಿನ ಬಹುಭಾಗವನ್ನು ಕುಳಿತೇ ಕಳೆಯುತ್ತಾರೆ. ಚುಕ್ಕಾಣಿ ಹಿಡಿಯುವುದು, ನಕ್ಷೆ ನೋಡುವುದು, ಅಡುಗೆ, ಊಟ, ಓದು ಎಲ್ಲವೂ ಕುಳಿತಲ್ಲಿಯೇ ನಡೆಯುತ್ತವೆ. ಅದೇ ಆಸನ ರಾತ್ರಿ ಹಾಸಿಗೆಯಾಗುತ್ತದೆ, ಅದರ ಹೊಟ್ಟೆಯೊಳಗೆ ಕುಡಿಯುವ ನೀರು, ದಿನಸಿ, ಬಿಡಿ ಹಗ್ಗ, ಲಂಗರಿನ ಸರಪಳಿ ತುಂಬಿರುತ್ತವೆ. ಇಷ್ಟು ಕೆಲಸ ಹೊತ್ತ ಆಸನವನ್ನು ಹೊಸದಾಗಿ ಮಾಡಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಹೋಗುವುದು ಫೋಮ್ ಮಾರುವ ಅಂಗಡಿಗೆ. ನನ್ನ ದೃಷ್ಟಿಯಲ್ಲಿ ಫೋಮ್ ಕೊನೆಗೆ ಕೇಳಬೇಕಾದ ಪ್ರಶ್ನೆ. ಹಾಯಿದೋಣಿ ಗಾಳಿಗೆ ಒಂದು ಪಕ್ಕಕ್ಕೆ ವಾಲಿಕೊಂಡೇ ಓಡುತ್ತದೆ, ಮತ್ತು ವಾಲಿದ ದೋಣಿಯಲ್ಲಿ ದೇಹವನ್ನು ಹಿಡಿದು ನಿಲ್ಲಿಸುವುದು ಎದುರಿನ ಗಟ್ಟಿ ಆಧಾರಕ್ಕೆ ಒತ್ತಿಕೊಂಡ ಪಾದವೇ ಹೊರತು ಮೆತ್ತೆಯಲ್ಲ. ಆದ್ದರಿಂದ ಅಳತೆ ಪಾದದಿಂದ ಹೊರಟು ಮೊಣಕಾಲು, ಸೊಂಟ, ಬೆನ್ನು ಎಂಬ ಕ್ರಮದಲ್ಲಿ ಮೇಲೇರಬೇಕು.

ಲೆಕ್ಕಗಳು ಗಾಳಿಯಲ್ಲಿ ತೇಲದಿರಲೆಂದು ಒಂದು ನಿಜವಾದ ದೋಣಿಯನ್ನು ಮುಂದಿಟ್ಟುಕೊಳ್ಳೋಣ. ಸ್ವೀಡನ್ನಿನಲ್ಲಿ 1942ರಲ್ಲಿ ಮೊದಲ ಬಾರಿಗೆ ನೀರಿಗಿಳಿದ ನಾರ್ಡಿಕ್ ಫೋಕ್‌ಬೋಟ್ ಇಂದಿಗೂ ಉತ್ತರ ಯುರೋಪಿನ ಬಂದರುಗಳಲ್ಲಿ ಕಾಣಸಿಗುವ, ಸಾಮಾನ್ಯ ಜನರಿಗಾಗಿಯೇ ರೂಪಿಸಿದ ದೋಣಿ. ಅದರ ಉದ್ದ 7.68 ಮೀಟರ್, ಅಗಲ 2.20 ಮೀಟರ್, ತೂಕ ಸುಮಾರು 1,930 ಕಿಲೋ. ಅಗಲ 2.20 ಮೀಟರ್ ಎಂಬುದು ಹೊರಮೈಯ ಅತಿ ಹೆಚ್ಚಿನ ಅಳತೆ. ಒಡಲು ಕೆಳಗಿಳಿದಂತೆ ಒಳಕ್ಕೆ ಬಾಗುವುದರಿಂದ ಆಸನದ ಎತ್ತರದಲ್ಲಿ ಸಿಗುವ ಜಾಗ ಇನ್ನೂ ಕಿರಿದು. ಎದುರುಬದುರು ತಲಾ 60 ಸೆಂ.ಮೀ. ಅಗಲದ ಎರಡು ಬೆಂಚು, ನಡುವೆ 50 ಸೆಂ.ಮೀ. ಓಡಾಟದ ದಾರಿ ಎಂದರೆ ಆಗಲೇ 1.70 ಮೀಟರ್ ಮುಗಿಯಿತು. ಇಂಥ ಕಡೆ ಒಂದೇ ಕೆಲಸಕ್ಕೆಂದು ಮೀಸಲಿಟ್ಟ ಹಲಗೆಗೆ ಜಾಗವೇ ಇಲ್ಲ.

ವಾಲಿಕೆಯ ಲೆಕ್ಕ

ಕಾಕ್‌ಪಿಟ್ ಎಂದರೆ ದೋಣಿಯ ಹಿಂಭಾಗದಲ್ಲಿ, ಬಯಲಿನಲ್ಲಿ ಕುಳಿತು ದೋಣಿಯನ್ನು ನಡೆಸುವ ತಗ್ಗಾದ ಜಾಗ. ಎರಡು ಬದಿಗೆ ಉದ್ದನೆಯ ಆಸನಗಳು, ನಡುವೆ ಕಾಲು ಇಳಿಬಿಡುವ ಗುಳಿ, ಆಸನದ ಹಿಂದೆ ಬೆನ್ನಿಗೆ ಆಧಾರವಾಗಿ ನಿಲ್ಲುವ ಅಂಚುಗೋಡೆ, ಇದು ಅದರ ಸಾಮಾನ್ಯ ರೂಪ. ಗಾಳಿ ಬೀಸಿಬರುವ ಬದಿಯನ್ನು ಗಾಳಿಬದಿ ಎಂದೂ ದೋಣಿ ವಾಲಿ ತಗ್ಗಿರುವ ಬದಿಯನ್ನು ಇಳಿಬದಿ ಎಂದೂ ಇಲ್ಲಿ ಕರೆಯುತ್ತೇನೆ.

ದೋಣಿ 20 ಡಿಗ್ರಿ ವಾಲಿದಾಗ ಗಾಳಿಬದಿಯ ಆಸನದಲ್ಲಿ ಒಳಮುಖವಾಗಿ ಕುಳಿತವರನ್ನು ಅವರ ತೂಕದ ಮೂರನೇ ಒಂದು ಭಾಗದಷ್ಟು ಬಲ ಮುಂದಕ್ಕೆ, ಗುಳಿಯ ಕಡೆಗೆ ಎಳೆಯುತ್ತದೆ. 70 ಕಿಲೋ ತೂಗುವವರಿಗೆ ಅದು ಸುಮಾರು 24 ಕಿಲೋ. ಆ ಹೊತ್ತಿಗೆ ಬೆನ್ನೊರಗು ಅವರ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಬೆನ್ನು ಅದನ್ನು ಬಿಟ್ಟು ಮುಂದೆ ಬಂದಿರುತ್ತದೆ. ಉಳಿಯುವುದು ಪಾದ ಮಾತ್ರ. ಎದುರಿನ ಆಸನದ ನಿಲುವು ಹಲಗೆಗೆ ಪಾದ ಒತ್ತಿ, ಮೊಣಕಾಲು ಸ್ವಲ್ಪ ಬಾಗಿರುವಂತೆ ಕೂರಲು ಸಾಧ್ಯವಾದರೆ ಗಂಟೆಗಟ್ಟಲೆ ಆಯಾಸವಿಲ್ಲದೆ ಇರಬಹುದು. ಕಾಲು ಪೂರ್ತಿ ಚಾಚಿದರೂ ಎದುರಿನ ಹಲಗೆ ಸಿಗದಿದ್ದರೆ ತೊಡೆಯ ಸ್ನಾಯುಗಳು ಬಿಡುವಿಲ್ಲದೆ ಬಿಗಿದುಕೊಂಡೇ ಇರಬೇಕಾಗುತ್ತದೆ, ಮತ್ತು ಆ ನೋವಿಗೆ ಎಷ್ಟು ದಪ್ಪದ ಮೆತ್ತೆಯೂ ಪರಿಹಾರವಲ್ಲ.

ಕಾಲುಗುಳಿಯ ಅಗಲ 55ರಿಂದ 70 ಸೆಂ.ಮೀ. ಇದ್ದರೆ ಹೆಚ್ಚಿನವರಿಗೆ ಒಗ್ಗುತ್ತದೆ. ಅದಕ್ಕಿಂತ ಅಗಲವಾಗಿದ್ದರೆ ಗುಳಿಯ ನೆಲದ ನಡುವೆ, ದೋಣಿಯ ಉದ್ದಕ್ಕೆ, 4 ಸೆಂ.ಮೀ. ಎತ್ತರದ ಗಟ್ಟಿಮರದ ಪಟ್ಟಿಯೊಂದನ್ನು ಕೂರಿಸಿ; ದೋಣಿ ಯಾವ ಬದಿಗೆ ವಾಲಿದರೂ ಅದೇ ಪಟ್ಟಿ ಹಿಮ್ಮಡಿಗೆ ಆನಿಕೆಯಾಗುತ್ತದೆ. ಬಂದರಿನಲ್ಲಿ ಎಡವದಂತೆ ಅದನ್ನು ತೆಗೆದಿಡಲು ಬರುವ ಹಾಗೆ ಮಾಡಿಕೊಳ್ಳುವುದು ಒಳ್ಳೆಯದು. ಇಡೀ ಕಾಕ್‌ಪಿಟ್ಟನ್ನು ಬದಲಿಸುವ ಖರ್ಚಿಲ್ಲದೆ ಇಷ್ಟು ಫಲ ಕೊಡುವ ಇನ್ನೊಂದು ತಿದ್ದುಪಡಿಯನ್ನು ನಾನು ಕಂಡಿಲ್ಲ.

ಆಸನದ ಮೇಲ್ಮೈಯನ್ನೂ ಸಮತಟ್ಟಾಗಿ ಬಿಡಬಾರದು. ಮುಂದಿನ ಅಂಚು ಹಿಂದಿನದಕ್ಕಿಂತ ತುಸು ಎತ್ತರವಾಗಿದ್ದರೆ ವಾಲಿಕೆಯ ಒಂದು ಪಾಲನ್ನು ಆಸನವೇ ನುಂಗಿಕೊಳ್ಳುತ್ತದೆ: 45 ಸೆಂ.ಮೀ. ಆಳದ ಆಸನದ ಮುಂದಿನ ಅಂಚಿಗೆ 4 ಸೆಂ.ಮೀ. ಎತ್ತರ ಕೊಟ್ಟರೆ 5 ಡಿಗ್ರಿ ಇಳಿಜಾರು ಸಿಗುತ್ತದೆ. ಆದರೆ ಆಗ ನೀರು ಹಿಂಬದಿಯ ಮೂಲೆಯಲ್ಲಿ ನಿಲ್ಲುತ್ತದೆ ಎಂಬುದನ್ನು ಮರೆಯಬಾರದು. ಅಲ್ಲಿಂದ ಗುಳಿಗೆ ಹರಿಯುವ ಕೊಳವೆ ಹಾಕದೆ ಈ ಇಳಿಜಾರು ಕೊಟ್ಟರೆ ಕುಳಿತವರ ಬಟ್ಟೆ ದಿನವಿಡೀ ಒದ್ದೆಯಾಗಿರುತ್ತದೆ. ಕೊಳವೆ ಹಾಕುವುದು ಕಷ್ಟವೆನಿಸಿದರೆ ಆಸನವನ್ನು ಹಾಗೆಯೇ ಬಿಟ್ಟು, ಒಂದು ಕಡೆ ದಪ್ಪವಾಗಿರುವ ಬೆಣೆಯಾಕಾರದ ಮೆತ್ತೆಯನ್ನು ಮಾಡಿಸಿಕೊಳ್ಳಬಹುದು. ದಪ್ಪಗಿನ ಅಂಚನ್ನು ಗಾಳಿಬದಿಯಲ್ಲಿ ಕುಳಿತಾಗ ಮುಂದಕ್ಕೆ, ಇಳಿಬದಿಯಲ್ಲಿ ಕುಳಿತಾಗ ಹಿಂದಕ್ಕೆ ತಿರುಗಿಸಿಟ್ಟುಕೊಂಡರೆ ಅದೊಂದೇ ಮೆತ್ತೆ ಎರಡೂ ಬದಿಗೆ ಆಗುತ್ತದೆ.

ಇಳಿಬದಿಯ ಕಥೆ ಬೇರೆ. ಅಲ್ಲಿ ಕುಳಿತವರು ಹಿಂದಕ್ಕೆ ಬೀಳುತ್ತಾರೆ. ಬೆನ್ನೊರಗನ್ನು 15 ಡಿಗ್ರಿ ಹಿಂದಕ್ಕೆ ಓರೆಯಾಗಿಸಿದ್ದರೆ, 20 ಡಿಗ್ರಿ ವಾಲಿಕೆ ಸೇರಿ ಒಟ್ಟು 35 ಡಿಗ್ರಿಯಾಗುತ್ತದೆ. ಕಣ್ಣು ಆಕಾಶ ನೋಡುತ್ತದೆ, ಕತ್ತು ನೋಯುತ್ತದೆ. ಹೀಗಾಗಿ ಬಂದರಿನಲ್ಲಿ ಸೊಗಸೆನಿಸುವ ಓರೆ ಸಮುದ್ರದಲ್ಲಿ ಹೆಚ್ಚಾಗುತ್ತದೆ. ಅಂಚುಗೋಡೆಯ ಓರೆ 10ರಿಂದ 12 ಡಿಗ್ರಿಯಲ್ಲಿ ನಿಲ್ಲಲಿ. ಅದರ ಎತ್ತರ ಆಸನದಿಂದ ಕನಿಷ್ಠ 30 ಸೆಂ.ಮೀ. ಇದ್ದರೆ ಸೊಂಟದ ಮೇಲ್ಭಾಗಕ್ಕೆ ಆಧಾರ ಸಿಗುತ್ತದೆ, ಮತ್ತು ಮೇಲಂಚನ್ನು ಉರುಟಾಗಿ ಕೆತ್ತಿದ್ದರೆ ಬೆನ್ನಿಗೆ ಗೀರುವುದಿಲ್ಲ. ಧ್ಯಾನ ಮಂದಿರಗಳಲ್ಲಿ ವಯಸ್ಸಾದವರಿಗೆ ಕೊಡುವ ಕಾಲಿಲ್ಲದ ಮಡಚು ಕುರ್ಚಿಯಂಥದ್ದನ್ನು ಅನೇಕರು ಕಾಕ್‌ಪಿಟ್ಟಿಗೆ ತರುತ್ತಾರೆ. ಲಂಗರು ಹಾಕಿ ನಿಂತಾಗ ಅದು ನಿಜಕ್ಕೂ ಸುಖ. ಆದರೆ ಅದರೊಳಗಿನ ಉಕ್ಕಿನ ಹಲ್ಲುಕೀಲು ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ, ಓಡುವ ದೋಣಿಯಲ್ಲಿ ಕುರ್ಚಿ ಆಸನದ ಮೇಲೆ ಜಾರುತ್ತದೆ. ಸಮುದ್ರಕ್ಕೆ ಹೊರಟಾಗ ಅದನ್ನು ಒಳಗೆ ಕಟ್ಟಿಡಿ.

ಆಸನದ ಎತ್ತರ ಮತ್ತು ಆಳವನ್ನು ಪುಸ್ತಕದ ಅಂಕಿಯಿಂದ ತೆಗೆದುಕೊಳ್ಳುವ ಬದಲು ಬಳಸುವವರ ಮೈಯಿಂದಲೇ ತೆಗೆದುಕೊಳ್ಳಬೇಕು. ಗಟ್ಟಿ ಸ್ಟೂಲಿನ ಮೇಲೆ ಕುಳಿತು ಮೊಣಕಾಲಿನ ಹಿಂಭಾಗದಿಂದ ನೆಲದವರೆಗೆ ಅಳೆಯಿರಿ; ಮೆತ್ತೆ ಅದುಮಿದ ಮೇಲಿನ ಆಸನದ ಎತ್ತರ ಇದಕ್ಕಿಂತ 2–3 ಸೆಂ.ಮೀ. ಕಡಿಮೆಯಿರಲಿ. ಗೋಡೆಗೆ ಬೆನ್ನು ತಾಗಿಸಿ ಕುಳಿತು ಗೋಡೆಯಿಂದ ಮೊಣಕಾಲಿನ ಹಿಂಭಾಗದವರೆಗೆ ಅಳೆದು 5 ಸೆಂ.ಮೀ. ಕಳೆದರೆ ಆಸನದ ಆಳ ಸಿಗುತ್ತದೆ. ಹೆಚ್ಚಿನ ದೋಣಿಗಳಲ್ಲಿ ಎತ್ತರ 35ರಿಂದ 42, ಆಳ 42ರಿಂದ 50 ಸೆಂ.ಮೀ. ನಡುವೆ ಬರುತ್ತದೆ. ಬಳಸುವವರಲ್ಲಿ ಗಿಡ್ಡವಾಗಿರುವವರ ಅಳತೆಯನ್ನೇ ಹಿಡಿಯಿರಿ: ಎತ್ತರದವರಿಗೆ ಆಸನ ತುಸು ತಗ್ಗಾದರೆ ಅಂಥ ತೊಂದರೆಯಿಲ್ಲ, ಗಿಡ್ಡವಾಗಿರುವವರ ಕಾಲು ನೆಲಕ್ಕೆ ಎಟುಕದಿದ್ದರೆ ತೊಡೆಯ ಅಡಿಯ ರಕ್ತಸಂಚಾರಕ್ಕೇ ತಡೆಯಾಗುತ್ತದೆ.

ಮರ ಕೊಯ್ಯುವ ಮೊದಲು

ಈ ಎಲ್ಲ ಅಂಕಿಗಳನ್ನು ಕಾಗದದ ಮೇಲಿಂದ ನೇರವಾಗಿ ಬಡಗಿಯ ಕೈಗೆ ಕೊಡಬೇಡಿ. ಹಳೆಯ ಪ್ಲೈವುಡ್, ರಟ್ಟಿನ ಪೆಟ್ಟಿಗೆ, ಇಟ್ಟಿಗೆ ಏನು ಸಿಕ್ಕರೂ ಅದರಿಂದ ಮನೆಯಂಗಳದಲ್ಲೇ ಆಸನದ ಮಾದರಿಯೊಂದನ್ನು ಪೂರ್ಣ ಗಾತ್ರದಲ್ಲಿ ನಿಲ್ಲಿಸಿ. ಅದನ್ನು 1.20 ಮೀಟರ್ ಅಗಲದ ಗಟ್ಟಿ ಹಲಗೆಯ ಮೇಲೆ ಕಟ್ಟಿದರೆ, ಹಲಗೆಯ ಒಂದು ಬದಿಯನ್ನು 31 ಸೆಂ.ಮೀ. ಎತ್ತಿ ಭದ್ರವಾಗಿ ಆನಿಸಿದಾಗ 15 ಡಿಗ್ರಿ ವಾಲಿಕೆ ಸಿಗುತ್ತದೆ. ಅದರ ಮೇಲೆ ಪುಸ್ತಕ ಹಿಡಿದು ಒಂದು ಗಂಟೆ ಕುಳಿತುಕೊಳ್ಳಿ. ನಂತರ ಇನ್ನೊಂದು ಬದಿಯನ್ನು ಎತ್ತಿ ಮತ್ತೊಂದು ಗಂಟೆ. ಐದು ನಿಮಿಷಕ್ಕೆ ಎಲ್ಲ ಆಸನವೂ ಹಿತವಾಗಿಯೇ ಇರುತ್ತದೆ. ದೋಷ ಕಾಣಿಸಿಕೊಳ್ಳುವುದು ನಲವತ್ತು ನಿಮಿಷದ ನಂತರ. ಮನೆಯವರೆಲ್ಲರನ್ನೂ ಕೂರಿಸಿ ನೋಡಿ, ಎಲ್ಲಿ ಒತ್ತುತ್ತದೆ ಎಂದು ಅವರವರ ಬಾಯಲ್ಲೇ ಕೇಳಿ, ಹಲಗೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ.

ಚುಕ್ಕಾಣಿಯ ಹಿಡಿಯನ್ನೂ ಮಾದರಿಯಲ್ಲಿ ಒಂದು ಕೋಲಿನಿಂದ ತೋರಿಸಬೇಕು. ಸಣ್ಣ ದೋಣಿಗಳಲ್ಲಿ ಹಿಡಿ ಕಾಕ್‌ಪಿಟ್ಟಿನ ಹಿಂದಿನ ಅರ್ಧವನ್ನು ಅತ್ತಿಂದಿತ್ತ ಗುಡಿಸುತ್ತದೆ, ಆದ್ದರಿಂದ ಓಡುವಾಗ ಅಲ್ಲಿ ಮೇಜನ್ನಾಗಲಿ ಅಡ್ಡಹಲಗೆಯನ್ನಾಗಲಿ ಇಡುವಂತಿಲ್ಲ. ಹಿಡಿದವರ ಕಣ್ಣು ಕ್ಯಾಬಿನ್ನಿನ ಚಾವಣಿಯ ಮೇಲಿಂದ ಮುಂದಿನ ನೀರನ್ನು ನೋಡುವಂತಿರಬೇಕು. ಗಿಡ್ಡವಾಗಿರುವವರಿಗೆ ಅದು ಕಾಣದಿದ್ದರೆ 10 ಸೆಂ.ಮೀ. ದಪ್ಪದ ಗಟ್ಟಿ ಮೆತ್ತೆಯೊಂದನ್ನು ಅವರಿಗೆಂದೇ ಇಡಿ, ಮತ್ತು ಅವರ ಪಾದಕ್ಕೆ ಅಷ್ಟೇ ಎತ್ತರದ ಆನಿಕೆ ಕೊಡಿ. ಮೆತ್ತೆಯಿಂದ ಎತ್ತರಿಸಿ ಪಾದವನ್ನು ಮರೆಯುವುದು ತೀರ ಸಾಮಾನ್ಯವಾದ ತಪ್ಪು.

ಇನ್ನೊಂದು ಲೆಕ್ಕ ಸುರಕ್ಷತೆಯದು. 55 ಸೆಂ.ಮೀ. ಅಗಲ, 40 ಸೆಂ.ಮೀ. ಆಳ, 1.80 ಮೀಟರ್ ಉದ್ದದ ಕಾಲುಗುಳಿಗೆ ಹಿಂದಿನಿಂದ ಅಲೆ ಬಂದು ತುಂಬಿದರೆ ಅದರಲ್ಲಿ ಸುಮಾರು 400 ಕಿಲೋ ಸಮುದ್ರದ ನೀರು ನಿಲ್ಲುತ್ತದೆ. ಫೋಕ್‌ಬೋಟಿನ ತೂಕದ ಐದನೇ ಒಂದು ಭಾಗವದು. ಆದ್ದರಿಂದ ಆರಾಮಕ್ಕೆಂದು ಗುಳಿಯನ್ನು ಹಿಗ್ಗಿಸುವ ಯೋಚನೆ ಬಂದಾಗ ಈ ಭಾರವನ್ನು ನೆನೆಯಬೇಕು, ನೀರು ಹೊರಹೋಗಲು ಕನಿಷ್ಠ ಎರಡು ದೊಡ್ಡ ಕಿಂಡಿಗಳಿರಬೇಕು, ಮತ್ತು ಅವುಗಳ ಬಾಯಿಗೆ ಮೆತ್ತೆಯಾಗಲಿ ಹಗ್ಗವಾಗಲಿ ಅಡ್ಡ ಬರಬಾರದು.

ಒಳಗಿನ ಬೆಂಚು: ಹಗಲಿಗೆ 45, ರಾತ್ರಿಗೆ 60

ಕ್ಯಾಬಿನ್ನಿನಲ್ಲಿ ನಿಜವಾದ ತೊಡಕು ಒಂದೇ. ಕೂರಲು 45 ಸೆಂ.ಮೀ. ಆಳ ಸಾಕು, ಅದಕ್ಕಿಂತ ಹೆಚ್ಚಾದರೆ ಬೆನ್ನು ಒರಗಿಗೆ ತಲಪುವುದಿಲ್ಲ; ಮಲಗಲು ಭುಜದ ಬಳಿ 60 ಸೆಂ.ಮೀ. ಅಗಲ ಬೇಕು, ಉದ್ದ 1.95ರಿಂದ 2 ಮೀಟರ್ ಬೇಕು. ಪಾದದ ಕಡೆ 40 ಸೆಂ.ಮೀ.ಗೆ ಕಿರಿದಾದರೂ ನಡೆಯುತ್ತದೆ. ಈ 15 ಸೆಂ.ಮೀ. ವ್ಯತ್ಯಾಸವನ್ನು ಹೇಗೆ ತುಂಬುತ್ತೇವೆ ಎಂಬುದರ ಮೇಲೆ ಇಡೀ ಒಳವಿನ್ಯಾಸ ನಿಂತಿದೆ.

ನಮ್ಮ ರೈಲುಗಳಲ್ಲಿ ಪ್ರಯಾಣಿಸಿದ ಯಾರಿಗೂ ಇದರ ಎರಡು ಉತ್ತರಗಳು ಹೊಸತೇನಲ್ಲ. ಸ್ಲೀಪರ್ ಬೋಗಿಯ ನಡುವಿನ ಬರ್ತ್ ಹಗಲಲ್ಲಿ ಕೆಳಗೆ ಕುಳಿತವರ ಬೆನ್ನೊರಗಾಗಿರುತ್ತದೆ, ರಾತ್ರಿ ಮೇಲೆತ್ತಿ ಸರಪಳಿಗೆ ಸಿಕ್ಕಿಸಿದರೆ ಹಾಸಿಗೆಯಾಗುತ್ತದೆ. ದೋಣಿಯಲ್ಲಿಯೂ ಬೆನ್ನೊರಗಿನ ಹಲಗೆಗೆ ಮೇಲಂಚಿನಲ್ಲಿ ಕೀಲು ಕೊಟ್ಟು, ರಾತ್ರಿ ಮೇಲೆತ್ತಿ ಪಟ್ಟಿಯಿಂದ ತೂಗುಹಾಕಿದರೆ ಅದರ ಹಿಂದಿದ್ದ 15 ಸೆಂ.ಮೀ. ಜಾಗ ಬೆಂಚಿಗೆ ಸೇರಿ ಮಲಗುವ ಅಗಲ ದೊರೆಯುತ್ತದೆ; ಹಗಲಲ್ಲಿ ಆ ಸಂದಿಯಲ್ಲಿ ಹೊದಿಕೆಗಳನ್ನು ತುಂಬಿಡಬಹುದು. ಎರಡನೆಯ ಉತ್ತರ ಸೈಡ್ ಲೋಯರ್ ಬರ್ತಿನದು: ಎದುರುಬದುರಿನ ಎರಡು ಆಸನಗಳು ಮಡಚಿ ನಡುವೆ ಕೂಡಿ ಹಾಸಿಗೆಯಾಗುತ್ತವೆ. ಅದರ ನಡುವಿನ ಕೂಡುಗೆರೆ ಸೊಂಟಕ್ಕೆ ಒತ್ತಿ ನಿದ್ದೆ ಕೆಡಿಸಿದ್ದು ಬಹಳ ಜನರಿಗೆ ನೆನಪಿರಬಹುದು. ಮೇಜನ್ನು ಕೆಳಗಿಳಿಸಿ ಎರಡು ಬೆಂಚುಗಳ ನಡುವೆ ಸೇತುವೆ ಮಾಡಿ ಜೋಡಿ ಹಾಸಿಗೆ ರಚಿಸುವ ದೋಣಿಗಳಲ್ಲಿ ಇದೇ ತಪ್ಪು ಮರುಕಳಿಸುತ್ತದೆ. ಮೆತ್ತೆಗಳನ್ನು ಕತ್ತರಿಸುವಾಗ ಕೂಡುಗೆರೆ ಸೊಂಟದ ಅಥವಾ ಭುಜದ ಅಡಿ ಬಾರದಂತೆ ನೋಡಿಕೊಳ್ಳಿ, ಸೇತುವೆಯ ಹಲಗೆ ಬೆಂಚಿನ ಹಲಗೆಯೊಂದಿಗೆ ಒಂದೇ ಮಟ್ಟದಲ್ಲಿ ಕೂರಲಿ, ಮತ್ತು ಎಲ್ಲ ಮೆತ್ತೆಗಳಿಗೂ ಒಂದೇ ದಪ್ಪದ, ಒಂದೇ ಗಡಸಿನ ಫೋಮ್ ಬಳಸಿ. ಎರಡರಲ್ಲಿ ಆಯ್ಕೆ ಮಾಡಬೇಕಾದರೆ ನಾನು ನಡು ಬರ್ತಿನ ವಿಧಾನವನ್ನೇ ಆರಿಸುತ್ತೇನೆ, ಏಕೆಂದರೆ ಅದು ಓಡುವ ದೋಣಿಯಲ್ಲಿಯೂ ಕೆಲಸ ಮಾಡುತ್ತದೆ. ಮೇಜಿನ ಸೇತುವೆ ಬಂದರಿನಲ್ಲಿ ಮಾತ್ರ.

ವಾಲಿದ ದೋಣಿಯಲ್ಲಿ ಅಗಲವಾದ ಹಾಸಿಗೆ ಅನುಕೂಲವೂ ಅಲ್ಲ. ಮಲಗಿದವರು ಅದರಲ್ಲಿ ಉರುಳಾಡುತ್ತಾರೆ. 55–60 ಸೆಂ.ಮೀ. ಬೆಂಚಿಗೆ ಒಳಬದಿಯಲ್ಲಿ ಬಟ್ಟೆಯ ತಡೆಯೊಂದನ್ನು ಕಟ್ಟುವುದೇ ಸರಿಯಾದ ದಾರಿ: ಸುಮಾರು 1.30 ಮೀಟರ್ ಉದ್ದದ ಗಟ್ಟಿ ಬಟ್ಟೆಯ ಕೆಳ ಅಂಚನ್ನು ಮೆತ್ತೆಯ ಅಡಿಯ ಹಲಗೆಗೆ ಮರದ ಪಟ್ಟಿ ಮತ್ತು ಸ್ಕ್ರೂಗಳಿಂದ ಬಿಗಿದು, ಮೇಲಂಚನ್ನು ಚಾವಣಿಯ ಹಿಡಿಕಂಬಿಗೆ ಹಗ್ಗದಿಂದ ಕಟ್ಟಿದರೆ 45 ಸೆಂ.ಮೀ. ಎತ್ತರದ ಗೋಡೆಯಾಗುತ್ತದೆ. ತಲೆಯ ಬಳಿ ಅದು ತೆರೆದಿರಲಿ. ನಮ್ಮ ಕರಾವಳಿಯಂಥ ಸೆಕೆಯ ನೀರಿನಲ್ಲಿ ಬಲೆಯ ಬಟ್ಟೆ ಬಳಸಿದರೆ ಗಾಳಿಯಾಡುತ್ತದೆ. ಮಲಗಿದವರ ಇಡೀ ಭಾರವನ್ನು ಹೊರುವ ವಸ್ತುವಾದ್ದರಿಂದ ಹೊಲಿಗೆ ಮತ್ತು ಕಟ್ಟುವ ಬಿಂದುಗಳಲ್ಲಿ ಉಳಿತಾಯ ಬೇಡ. ಹಗಲಲ್ಲಿ ಮಡಚಿ ಮೆತ್ತೆಯ ಅಡಿಗೆ ತಳ್ಳಬಹುದು.

ಕುಳಿತಾಗ ತಲೆಗೆ ಚಾವಣಿ ತಾಗದಿರಲು, ಅದುಮಿದ ಮೆತ್ತೆಯಿಂದ ಮೇಲಕ್ಕೆ 90–95 ಸೆಂ.ಮೀ. ಬೇಕು. ಚಾವಣಿ ತಗ್ಗಾಗಿರುವ ದೋಣಿಗಳಲ್ಲಿ ಆಸನವನ್ನು 30 ಸೆಂ.ಮೀ.ವರೆಗೂ ಇಳಿಸಿ, ಕಾಲನ್ನು ಮುಂದಕ್ಕೆ ಚಾಚಲು ಜಾಗ ಕೊಡುವುದು ವಾಸಿ. ಇಲ್ಲಿ ನಮ್ಮವರಿಗೆ ಒಂದು ಅನುಕೂಲವಿದೆ. ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಬೆಳೆದವರಿಗೆ ಕಾಲು ಇಳಿಬಿಟ್ಟು ಕೂರುವುದೊಂದೇ ಕೂರುವ ರೀತಿಯಲ್ಲ. ಬೆನ್ನೊರಗನ್ನು ತೆಗೆದ 60 ಸೆಂ.ಮೀ. ಬೆಂಚು ಚಕ್ಕಳಮಕ್ಕಳಕ್ಕೆ ಸರಿಯಾಗಿ ಹೊಂದುತ್ತದೆ, ಕಾಲುದಾರಿ ಇನ್ನೊಬ್ಬರ ಓಡಾಟಕ್ಕೆ ಖಾಲಿ ಉಳಿಯುತ್ತದೆ. ಹೀಗೆ ಕೂರುವ ರೂಢಿಯಿರುವ ಮನೆಯವರು ಬೆನ್ನಿನ ಮೆತ್ತೆಗಳನ್ನು ಹಲಗೆಗೆ ಬಿಗಿಯದೆ ಬಿಡಿಯಾಗಿಯೇ ಮಾಡಿಸಲಿ. ಊಟದ ಮೇಜು ಅದುಮಿದ ಆಸನದಿಂದ 28–30 ಸೆಂ.ಮೀ. ಎತ್ತರದಲ್ಲಿದ್ದರೆ ಎರಡೂ ರೀತಿಗೆ ಆಗುತ್ತದೆ.

ಒಂದು ಆಸನವನ್ನಾದರೂ ಹೊರಗೂ ಒಳಗೂ ಸಲ್ಲುವಂತೆ ಯೋಜಿಸಿ. ಬ್ರಿಟಿಷ್ ನಾವಿಕ ಬ್ಲಾಂಡಿ ಹ್ಯಾಸ್ಲರ್ ಅವರು 1960ರ ಮೊದಲ ಏಕಾಂಗಿ ಅಟ್ಲಾಂಟಿಕ್ ಸ್ಪರ್ಧೆಯನ್ನು 'ಜೆಸ್ಟರ್' ಎಂಬ ಮಾರ್ಪಡಿಸಿದ ಫೋಕ್‌ಬೋಟಿನಲ್ಲಿ 48 ದಿನಗಳಲ್ಲಿ ಮುಗಿಸಿ ಎರಡನೆಯವರಾದರು. ಅವರು ದೋಣಿಯ ನಡುವೆ ಚಾವಣಿಯಲ್ಲೊಂದು ದುಂಡನೆಯ ಕಿಂಡಿ ಮಾಡಿ, ಹಾಯಿಯ ಹಗ್ಗಗಳನ್ನೆಲ್ಲ ಅಲ್ಲಿಗೆ ತಂದು, ಒಳಗಿನಿಂದಲೇ ದೋಣಿ ನಡೆಸುವ ವ್ಯವಸ್ಥೆ ಮಾಡಿಕೊಂಡಿದ್ದರು. ಅಷ್ಟು ದೂರ ಹೋಗಬೇಕಿಲ್ಲ. ಕ್ಯಾಬಿನ್ನಿನ ಬಾಗಿಲ ಬಳಿಯ ಮೆಟ್ಟಿಲನ್ನು ಮುಚ್ಚಳವಿರುವ ಗಟ್ಟಿ ಪೆಟ್ಟಿಗೆಯಾಗಿ, ಕೂರುವಷ್ಟು ಅಗಲವಾಗಿ ಮಾಡಿಸಿದರೆ ಮಳೆಯಲ್ಲಿ ತಲೆ ಮಾತ್ರ ಹೊರಗಿಟ್ಟು ಕಾವಲು ಕಾಯಬಹುದು, ಅಲ್ಲಿಂದಲೇ ಒಲೆಗೂ ಕೈ ಎಟುಕುತ್ತದೆ.

ಮರ, ಫೋಮ್, ಬಟ್ಟೆ

ಹಲಗೆಗೆ 12 ಮಿ.ಮೀ. ಮರೈನ್ ಪ್ಲೈವುಡ್ ಸಾಕು. ನಮ್ಮಲ್ಲಿ ಮರೈನ್ ಪ್ಲೈವುಡ್ಡಿನ ಭಾರತೀಯ ಮಾನಕವಾದ ಐಎಸ್ 710 ಮುದ್ರೆಯಿರುವುದನ್ನು ಕೊಳ್ಳಬೇಕು. ಕೊಯ್ದ ಅಂಚುಗಳಿಗೆ, ಕೊರೆದ ಪ್ರತಿ ತೂತಿನ ಒಳಗೋಡೆಗೆ ನೀರು ತಡೆಯುವ ಎಪಾಕ್ಸಿ ರಾಳ ಹಚ್ಚದಿದ್ದರೆ ಒಳ್ಳೆಯ ಪ್ಲೈವುಡ್ಡೂ ಅಂಚಿನಿಂದಲೇ ನೀರು ಕುಡಿದು ಹಾಳಾಗುತ್ತದೆ. ಕೀಲು, ಸ್ಕ್ರೂಗಳು 316 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನವಾಗಿರಲಿ. ಮಲಗುವ ಹಲಗೆಯಲ್ಲಿ 15 ಸೆಂ.ಮೀ.ಗೊಂದರಂತೆ 25 ಮಿ.ಮೀ. ತೂತುಗಳನ್ನು ಕೊರೆಯಿರಿ, ಇಲ್ಲವೇ ಹಲಗೆಯ ಬದಲು ಪಟ್ಟಿಗಳನ್ನು ಸಾಲಾಗಿ ಜೋಡಿಸಿ. ಮೈಯ ಬಿಸಿಯಿಂದ ಮೆತ್ತೆಯ ಅಡಿ ನಿಲ್ಲುವ ತೇವಕ್ಕೆ ಹೊರದಾರಿ ಇಲ್ಲದಿದ್ದರೆ ಬೂಸ್ಟು ಖಚಿತ.

ಫೋಮಿನ ವಿಷಯದಲ್ಲಿ ಸಾಂದ್ರತೆ ಬೇರೆ, ಗಡಸು ಬೇರೆ ಎಂಬುದನ್ನು ಅಂಗಡಿಯಲ್ಲಿ ಸ್ಪಷ್ಟವಾಗಿ ಕೇಳಿ. ಸಾಂದ್ರತೆ ಬಾಳಿಕೆಯನ್ನು ಹೇಳುತ್ತದೆ, ಗಡಸು ಎಷ್ಟು ಅದುಮುತ್ತದೆ ಎಂಬುದನ್ನು. ಒಳಗಿನ ಬೆಂಚಿಗೆ ಘನ ಮೀಟರಿಗೆ 40 ಕಿಲೋ ಆಸುಪಾಸಿನ ಸಾಂದ್ರತೆಯ, 10 ಸೆಂ.ಮೀ. ದಪ್ಪದ ಗಡಸು ಫೋಮ್ ಒಳ್ಳೆಯದು. ಅಂಗೈಯಲ್ಲಿ ಒತ್ತಿ ನೋಡಿ ಮೆಚ್ಚಿದ ಮೃದುವಾದ ಫೋಮಿನ ಮೇಲೆ ಕುಳಿತರೆ ಹಲಗೆಯೇ ತಾಗುತ್ತದೆ. ಕಾಕ್‌ಪಿಟ್ಟಿಗೆ ಇದು ಕೂಡದು, ಸ್ಪಂಜಿನಂತೆ ನೀರು ಹೀರುತ್ತದೆ. ಅಲ್ಲಿಗೆ ನೀರು ಹೀರದ, ಗುಳ್ಳೆಗಳು ಮುಚ್ಚಿಕೊಂಡಿರುವ ಫೋಮ್ ಬೇಕು. ವ್ಯಾಯಾಮದ ಚಾಪೆಗೆ ಬಳಸುವ ಇವಿಎ ಅದೇ ಜಾತಿಯದು. 4–5 ಸೆಂ.ಮೀ. ದಪ್ಪ ಸಾಕು, ಗಟ್ಟಿಯೆನಿಸಿದರೂ ನೀರಲ್ಲಿ ತೇಲುತ್ತದೆ ಎಂಬುದು ಅದರ ದೊಡ್ಡ ಗುಣ.

ಹೊರಗಿನ ಹೊದಿಕೆಗೆ ಬಿಸಿಲಿಗೆ ಬಣ್ಣ ಬಿಡದ ಅಕ್ರಿಲಿಕ್ ಬಟ್ಟೆ, ಪಾಲಿಯೆಸ್ಟರ್ ದಾರ, ಪ್ಲಾಸ್ಟಿಕ್ ಹಲ್ಲಿನ ಝಿಪ್. ಹತ್ತಿಯ ದಾರ ಕೊಳೆಯುತ್ತದೆ, ಲೋಹದ ಝಿಪ್ ಉಪ್ಪಿಗೆ ಕಚ್ಚಿಕೊಳ್ಳುತ್ತದೆ. ತಿಳಿಬಣ್ಣವನ್ನೇ ಆರಿಸಿ, ಗಾಢ ಬಣ್ಣದ ಮೆತ್ತೆ ಮಧ್ಯಾಹ್ನದ ಬಿಸಿಲಲ್ಲಿ ಕೂರಲಾಗದಷ್ಟು ಕಾಯುತ್ತದೆ. ಒಳಗಿನ ಮೆತ್ತೆಗಳಿಗೆ ಒಂದು ಮುಖ ಬಟ್ಟೆ, ಇನ್ನೊಂದು ಮುಖ ರೆಕ್ಸಿನ್ ಹೊಲಿಸಿದರೆ ಒದ್ದೆ ಉಡುಪಿನಲ್ಲಿ ಒಳಬಂದಾಗ ರೆಕ್ಸಿನ್ ಮೇಲಾಗಿ, ಮಲಗುವಾಗ ಬಟ್ಟೆ ಮೇಲಾಗಿ ತಿರುಗಿಸಬಹುದು. ಇದಕ್ಕಾಗಿ ಎಡಬಲದ ಆಕಾರ ಹೊಂದುವಂತೆ ಮೊದಲೇ ಕತ್ತರಿಸಬೇಕು. ಉಪ್ಪು ಕುಳಿತ ಬಟ್ಟೆ ಗಾಳಿಯ ತೇವವನ್ನು ಹೀರುತ್ತಲೇ ಇರುವುದರಿಂದ, ಬಂದರು ಸೇರಿದ ಮೇಲೆ ಹೊದಿಕೆಗಳನ್ನು ಸಿಹಿನೀರಿನಲ್ಲಿ ಜಾಲಿಸದೆ ಒಣಗಿಸಿ ಪ್ರಯೋಜನವಿಲ್ಲ.

ಆಸನದಡಿಯ ಪೆಟ್ಟಿಗೆಗಳಲ್ಲಿ ಭಾರವಾದುದು ತಳದಲ್ಲಿ, ದೋಣಿಯ ನಡುವಿಗೆ ಹತ್ತಿರವಾಗಿ ಇರಲಿ. ಮಲಗಿದವರನ್ನು ಎಬ್ಬಿಸಿ ಸಕ್ಕರೆ ಡಬ್ಬಿ ತೆಗೆಯುವ ಸ್ಥಿತಿ ಬಾರದಂತೆ, ದಿನವೂ ಬೇಕಾದವುಗಳ ಪೆಟ್ಟಿಗೆಗೆ ಬೆಂಚಿನ ಮುಂಭಾಗದಲ್ಲಿ ಬಾಗಿಲು ಕೊಡಿ. ಕಾಕ್‌ಪಿಟ್ಟಿನ ಆಸನವೇ ಪೆಟ್ಟಿಗೆಯ ಮುಚ್ಚಳವಾಗಿದ್ದರೆ ಅದರ ಸುತ್ತ ನೀರು ಹರಿಯುವ ಕಾಲುವೆ, ರಬ್ಬರ್ ಪಟ್ಟಿ, ದೋಣಿ ಮಗುಚಿದರೂ ತೆರೆಯದ ಗಟ್ಟಿ ಅಗುಳಿ ಮೂರೂ ಬೇಕೇ ಬೇಕು. ತೆರೆದುಕೊಂಡ ಮುಚ್ಚಳದ ದಾರಿಯಲ್ಲಿ ಸಮುದ್ರ ನೇರವಾಗಿ ಒಡಲಿಗೆ ಇಳಿಯುತ್ತದೆ. ಅಗುಳಿಯ ತಲೆ ಮೇಲ್ಮೈಯಿಂದ ಮೇಲೆ ಎದ್ದಿರಬಾರದು, ಅದರ ಮೇಲೆಯೇ ಕೂರುತ್ತೇವೆ. ಮುಚ್ಚಳಕ್ಕೆ ಮೆತ್ತೆಯನ್ನು ಅಂಟಿಸದೆ ಒತ್ತುಗುಂಡಿಗಳಿಂದ ಸಿಕ್ಕಿಸಿ, ಕತ್ತಲಲ್ಲಿ ಒಂದೇ ಕೈಯಿಂದ ಕಿತ್ತು ಅಗುಳಿ ತೆರೆಯಲು ಬರುತ್ತದೆಯೇ ಎಂದು ಕಣ್ಣು ಮುಚ್ಚಿ ಪರೀಕ್ಷಿಸಿ ನೋಡಿದ ಮೇಲೆಯೇ ಗುಂಡಿಗಳ ಜಾಗವನ್ನು ಕೊರೆಯಿರಿ.